ಒಲೆಯ ಕಟ್ಟಿಗೆಗೆ ನ್ಯಾಯವಾದ ಬೆಲೆ: ನೆರೆಹೊರೆಯವರು ಕೂಡಿ ಮಾಡತಕ್ಕ ಕೆಲಸ

ಮಲೆನಾಡಿನ ಮನೆಗೆ ಅಕ್ಕಿಯು ಎಷ್ಟು ಅವಶ್ಯವೋ ಒಣಗಿದ ಕಟ್ಟಿಗೆಯೂ ಅಷ್ಟೇ ಅವಶ್ಯವೆಂಬುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಕೃಷಿಕರಿಗೆ ಹೊಸತಾಗಿ ಹೇಳಬೇಕಾದುದಿಲ್ಲ. ಮೃಗಶಿರಾ ಮಳೆ ಹಿಡಿಯಿತೆಂದರೆ ಮುಂದೆ ನಾಲ್ಕು ತಿಂಗಳು ಬಿಸಿಲೆಂಬುದು ಅಪರೂಪದ ಅತಿಥಿಯಾಗುವುದು. ಗೋಡೆಗೆ ತಂಪು ಏರುವುದು. ಹಾಸಿಗೆ, ಬಟ್ಟೆಗಳು ಮುಗ್ಗುವುವು. ಎಳೆಯ ಮಕ್ಕಳಿಗೂ ವೃದ್ಧರಿಗೂ ಬಾಣಂತಿಯರಿಗೂ ಬಚ್ಚಲ ಒಲೆಯ ಬಿಸಿಯೇ ಆಸರೆಯಾಗುವುದು. ಅಡಿಗೆಯ ಒಲೆ, ಬಚ್ಚಲ ಹಂಡೆ, ದನಕ್ಕೆ ಬಾಯರು ಬೇಯಿಸುವ ಒಲೆ, ಬಟ್ಟೆ ಆರಿಸುವ ಹೊಡತಲು, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ದೊಡ್ಡ ಹಂಡೆ, ಹೀಗೆ ಒಂದು ಮನೆಯಲ್ಲಿ ವರ್ಷವಿಡೀ ಬೆಂಕಿಯು ಆರುವಂತಿಲ್ಲ.

ಆದರೆ ಈ ಬೆಂಕಿಗೆ ತೆರುವ ಬೆಲೆಯು ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಸಿದ್ದಾಪುರ ತಾಲೂಕಿನ ಮನ್ಮನೆಯಂಥ ಊರಿನಲ್ಲಿ ತೋಟವೂ ಬೆಟ್ಟವೂ ಉಳ್ಳ ಮನೆಯವನು ಕಟ್ಟಿಗೆಯನ್ನು ಹಣ ಕೊಟ್ಟು ತರುವ ಪ್ರಸಂಗವು ವಿರಳ. ಬೆಟ್ಟವಿಲ್ಲದ ಕೂಲಿಕಾರನು, ಗೇಣಿಗೆ ದುಡಿದು ಮನೆಯ ಮಟ್ಟಿಗೆ ಭೂಮಿ ಪಡೆದವನು, ಗಂಡುದಿಕ್ಕಿಲ್ಲದ ವಿಧವೆ, ವರ್ಗವಾಗಿ ಬಂದ ಉಪಾಧ್ಯಾಯನು, ಇವರು ಮಾತ್ರ ಹೊರೆ ಹೊರೆಯಾಗಿ ಕೊಳ್ಳುವರು. ಅದೂ ಮಳೆ ಹೊಯ್ಯುತ್ತಿರುವಾಗ, ತೂಕವಿಲ್ಲದೆ, ಹಸಿಯೋ ಒಣಗಿದ್ದೋ ಎಂಬ ವಿಚಾರವಿಲ್ಲದೆ ಕೊಳ್ಳುವರು. ಕಡಿಮೆ ಹಣವುಳ್ಳವನೇ ಹೆಚ್ಚು ಬೆಲೆ ತೆರುವ ಈ ವಿಪರೀತವನ್ನು ಸರಿಪಡಿಸುವ ಉಪಾಯವು ಊರಿನ ಕೈಯಲ್ಲಿಯೇ ಇದೆ. ಅದನ್ನು ಗ್ರಾಮಪ್ರಮುಖರ ಮತ್ತು ಜಮೀನುದಾರ ಮಹಾಶಯರ ವಿಚಾರಕ್ಕೆ ತರುವುದೇ ಈ ಲೇಖನದ ಉದ್ದೇಶವು.

ಬೆಲೆ ಕೆಡುವುದು ಹೇಗೆ?

ಕಟ್ಟಿಗೆಯ ಬೆಲೆಯು ಮೂರು ಕಾರಣಗಳಿಂದ ಅನ್ಯಾಯವಾಗುವುದು. ಮೊದಲನೆಯದು ಕಾಲ. ಫಾಲ್ಗುಣ, ಚೈತ್ರಗಳಲ್ಲಿ ಕಟ್ಟಿಗೆಯು ಬೇಕಾದಷ್ಟು ಒಣಗಿ ಬಿದ್ದಿರುವುದು, ಕೊಳ್ಳುವವರಿರುವುದಿಲ್ಲ. ಆರಿದ್ರಾ ಮಳೆಯಲ್ಲಿ ಎಲ್ಲರಿಗೂ ಬೇಕು, ಒಣಗಿದ್ದು ಸಿಕ್ಕುವುದಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವನು ಕೇಳಿದಷ್ಟು ಕೊಡಲೇಬೇಕು.

ಎರಡನೆಯದು ಅಳತೆ. ಅಕ್ಕಿಯನ್ನು ತೂಗಿ ಕೊಳ್ಳುತ್ತೇವೆ; ಅಡಿಕೆಯನ್ನು ತೂಗಿ ಮಾರುತ್ತೇವೆ; ಕಟ್ಟಿಗೆಯನ್ನು ಮಾತ್ರ ಹೊರೆಯೆಂದು, ಗಾಡಿಯೆಂದು, ಇತ್ತೀಚೆಗೆ ಟೆಂಪೋ ಲೋಡೆಂದು ಕೊಳ್ಳುತ್ತೇವೆ. ಒಬ್ಬನ ಹೊರೆಗೂ ಇನ್ನೊಬ್ಬನ ಹೊರೆಗೂ ಅರ್ಧಕ್ಕರ್ಧ ಅಂತರವಿರಬಹುದು. ಕೊಂಕು ಡೊಂಕಾದ ಕಟ್ಟಿಗೆಯನ್ನು ಅಟ್ಟಿ ಹಾಕಿದರೆ ಅಟ್ಟಿಯ ಅರ್ಧವು ಬರಿಯ ಗಾಳಿಯಾಗಿರುವುದು; ನೇರವಾದ ಸೀಳುಗಳನ್ನು ಒತ್ತಿ ಜೋಡಿಸಿದರೆ ಹತ್ತರಲ್ಲಿ ಆರೇಳು ಪಾಲು ಮರವಿರುವುದು. ಎರಡೂ ಅಟ್ಟಿಗಳು ಕಣ್ಣಿಗೆ ಒಂದೇ ಎತ್ತರ, ಒಂದೇ ಅಗಲವಾಗಿ ತೋರುವುವು.

ಮೂರನೆಯದು ದೂರ. ಮಲೆನಾಡಿನ ಮನೆಗಳು ಒಂದೊಂದು ಕೊಳ್ಳದಲ್ಲಿ ಒಂದೊಂದಾಗಿ ಚದುರಿಕೊಂಡಿವೆ. ಒಂದು ಮನೆಗಾಗಿ ಬರುವ ವಾಹನದ ಬಾಡಿಗೆಯು ಆ ಒಂದು ಮನೆಯ ತಲೆಯ ಮೇಲೆಯೇ ಬೀಳುವುದು. ಅದೇ ವಾಹನವು ಹತ್ತು ಮನೆಗಳ ಸರಕನ್ನು ಒಂದೇ ದಿನ ತಂದರೆ ಬಾಡಿಗೆಯು ಹತ್ತು ಪಾಲಾಗುವುದು. ಈ ಮೂರು ಕಾರಣಗಳಲ್ಲಿ ಯಾವುದನ್ನೂ ಒಂಟಿ ಮನೆಯವನು ಚೌಕಾಶಿಯಿಂದ ಗೆಲ್ಲಲಾರನು. ಮೂರನ್ನೂ ನೆರೆಹೊರೆಯವರು ಕೂಡಿದರೆ ಗೆಲ್ಲಬಲ್ಲರು.

ಬೆಟ್ಟದ ಹಕ್ಕು ಮತ್ತು ಅದರ ಮಿತಿ

ಕಾಡಿನ ನಡುವೆ ಇರುವ ಊರಿನಲ್ಲಿ ಕಟ್ಟಿಗೆಗೆ ಬೆಲೆಯೇಕೆ ಎಂದು ಪರಸ್ಥಳದವರು ಕೇಳುವುದುಂಟು. ಇದಕ್ಕೆ ಉತ್ತರವು ಈ ಸೀಮೆಯ ಅರಣ್ಯದ ಇತಿಹಾಸದಲ್ಲಿದೆ. ಉತ್ತರ ಕನ್ನಡವು 1862ರಲ್ಲಿ ಮದ್ರಾಸ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. 1956ರ ನವೆಂಬರ 1ರಂದು ಕನ್ನಡನಾಡಿನ ಏಕೀಕರಣವಾಗುವ ತನಕ ಅಲ್ಲಿಯೇ ಇದ್ದಿತು. 1878ರ ಅರಣ್ಯ ಕಾಯಿದೆಯ ತರುವಾಯ ಕಾಡಿನ ಬಹುಭಾಗವು ಸರಕಾರದ ರಕ್ಷಣೆಗೆ ಒಳಪಟ್ಟು, ಹಿಂದಿನಿಂದ ಬಂದ ಉಪಯೋಗಗಳು ಸವಲತ್ತುಗಳೆಂದು ಗುರುತಿಸಲ್ಪಟ್ಟವು. ಘಟ್ಟದ ಮೇಲಿನ ಅಡಿಕೆಯ ತೋಟಿಗರಿಗೆ ಸೊಪ್ಪು ಗೊಬ್ಬರವು ಅತ್ಯವಶ್ಯವಾದುದರಿಂದ, ಒಂದು ಎಕರೆ ತೋಟಕ್ಕೆ 9 ಎಕರೆಯ ತನಕ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯು ನೆಲೆಗೊಂಡಿತು.

ಇಲ್ಲಿ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡತಕ್ಕದ್ದು. ಬೆಟ್ಟದ ಸವಲತ್ತು ತೋಟಕ್ಕೆ ಅಂಟಿಕೊಂಡದ್ದು. ತೋಟವಿಲ್ಲದವನಿಗೆ ಬೆಟ್ಟವೂ ಇಲ್ಲ. ಅಲ್ಲದೆ ಅದು ಮನೆಯ ಹಾಗೂ ಬೇಸಾಯದ ಸ್ವಂತ ಉಪಯೋಗಕ್ಕೆ ಕೊಟ್ಟದ್ದು, ಮಾರಾಟಕ್ಕೆ ಕೊಟ್ಟದ್ದಲ್ಲ. ಆದಕಾರಣ ಬೆಟ್ಟದ ಮರವನ್ನು ಕಡಿದು ನೆರೆಯವರಿಗೆ ಮಾರುವುದು ಪರೋಪಕಾರದಂತೆ ಕಂಡರೂ ಕಾಯಿದೆಗೆ ವಿರುದ್ಧವಾದುದು. ಕೂಡಿ ಕೊಳ್ಳುವ ಕಟ್ಟಿಗೆಯು ಅರಣ್ಯ ಇಲಾಖೆಯ ಸಂಗ್ರಹಾಲಯದಿಂದಲೋ, ಅನುಮತಿಯ ಪ್ರಕಾರ ಸ್ವಂತ ಹಿಡುವಳಿಯಲ್ಲಿ ಬೆಳೆದು ಕಡಿದ ಮರದಿಂದಲೋ, 1993ರ ಸರಕಾರಿ ಆದೇಶದಿಂದ ಹುಟ್ಟಿದ ಗ್ರಾಮ ಅರಣ್ಯ ಸಮಿತಿಗಳ ನೆಡುತೋಪಿನಿಂದಲೋ ಬಂದುದಾಗಿರಬೇಕು. ಕಾಗದಪತ್ರವಿಲ್ಲದ ಅಗ್ಗದ ಕಟ್ಟಿಗೆಯು ಕಡೆಗೆ ದಂಡದೊಡನೆ ಅತಿ ದುಬಾರಿಯಾಗುವುದು.

ಕಾಡೂ ಮುಗಿಯದ ಭಂಡಾರವಲ್ಲ. 1983ರ ಸಪ್ಟೆಂಬರ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಕಳಾಸೆಯ ಕಾಡಿಗೆ ನಡೆದುಹೋಗಿ, ಕೊಡಲಿಗೆ ಎದುರಾಗಿ ಮರಗಳನ್ನು ಅಪ್ಪಿ ನಿಂತುದನ್ನು ಈ ಸೀಮೆಯವರು ಮರೆತಿಲ್ಲ. ಕಾಡು ತೆಳುವಾದರೆ ಮೊದಲು ಬತ್ತುವುದು ತೋಟದ ನೀರು ಎಂಬುದನ್ನು ಅಪ್ಪಿಕೋ ಚಳವಳಿಯು ನಾಡಿಗೆ ತಿಳಿಸಿತು. ಆದುದರಿಂದ ನ್ಯಾಯವಾದ ಬೆಲೆಯೆಂದರೆ ಕಾಡನ್ನು ಅಗ್ಗಮಾಡುವುದೆಂದು ಯಾರೂ ತಿಳಿಯಬಾರದು. ಕೊಟ್ಟ ಹಣಕ್ಕೆ ತಕ್ಕ ಕಾವು ದೊರೆಯುವುದೇ ನ್ಯಾಯವಾದ ಬೆಲೆಯು.

ಮನೆಯ ಹತ್ತಿರದ ನಿದರ್ಶನಗಳು

ಕೂಡಿ ವ್ಯವಹರಿಸುವುದು ಈ ನಾಡಿಗೆ ಹೊಸ ವಿದ್ಯೆಯಲ್ಲ. 1904ರ ಸಹಕಾರಿ ಕಾಯಿದೆಯ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಪತ್ತಿನ ಸಂಘವು ಹುಟ್ಟಿತು. ಸಾಹುಕಾರನ ಬಡ್ಡಿಯನ್ನು ಒಬ್ಬೊಬ್ಬನೇ ಎದುರಿಸಲಾರದ ರೈತರು ಒಂದಾಗಿ ಎದುರಿಸಿದರು. ಗ್ರಾಮದ ಒಬ್ಬ ಪ್ರಮುಖನು ಮನಸ್ಸು ಮಾಡಿದರೆ ಏನಾಗುವುದೆಂಬುದಕ್ಕೆ ಇದು ಸಾಕ್ಷಿಯು.

ಇನ್ನೂ ಹತ್ತಿರದ ನಿದರ್ಶನವು ಶಿರಸಿಯದು. ಅಡಿಕೆಯ ಬೆಳೆಗಾರನು ತನ್ನ ಮಾಲನ್ನು ಒಬ್ಬನೇ ಪೇಟೆಗೆ ಒಯ್ದು, ದಲಾಲಿಯ ಅಂಗಳದಲ್ಲಿ ಇಳಿಸಿ, ಅವನು ಹೇಳಿದ ತೂಕಕ್ಕೂ ಬೆಲೆಗೂ ತಲೆಯಾಡಿಸುವ ಕಾಲವಿದ್ದಿತು. 1923ರಲ್ಲಿ ತೋಟಗಾರ್ಸ ಕೋ-ಆಪರೇಟಿವ್ ಸೇಲ್ ಸೊಸೈಟಿಯು ಶಿರಸಿಯಲ್ಲಿ ಸ್ಥಾಪಿತವಾಯಿತು. ಸದಸ್ಯರ ಅಡಿಕೆಯು ಒಂದೆಡೆಯಲ್ಲಿ ಕೂಡಿ, ಎಲ್ಲರೆದುರಿಗೆ ತೂಗಲ್ಪಟ್ಟು, ದರ್ಜೆಗೆ ತಕ್ಕ ಬೆಲೆ ಪಡೆಯುವ ಮಾರ್ಗವು ತೆರೆಯಿತು. ಮಾರುವಾಗ ತೂಕ, ದರ್ಜೆ, ಒಗ್ಗಟ್ಟುಗಳ ಬೆಲೆಯನ್ನು ಇಷ್ಟು ಚೆನ್ನಾಗಿ ಅರಿತ ನಾವು, ಕೊಳ್ಳುವಾಗ ಆ ಮೂರನ್ನೂ ಮರೆಯುವುದೇಕೆ?

ಶೀತ ದೇಶಗಳಲ್ಲಿಯೂ ಜನರು ಇದೇ ದಾರಿಯನ್ನು ಹಿಡಿದಿರುವರು. ಇಂಗ್ಲೆಂಡಿನ ಅನೇಕ ಹಳ್ಳಿಗಳಿಗೆ ಅನಿಲದ ಕೊಳವೆಯು ತಲಪಿಲ್ಲ. ಅಲ್ಲಿಯ ಮನೆಗಳು ಚಳಿಗಾಲದಲ್ಲಿ ಎಣ್ಣೆಯನ್ನು ಉರಿಸಿ ಬೆಚ್ಚಗಾಗುವುವು. ಕೊಳವೆಯ ಅನಿಲದ ಬೆಲೆಗೆ 2019ರಿಂದ ಇರುವ ಸರಕಾರಿ ಮಿತಿಯು ಈ ಎಣ್ಣೆಗೆ ಅನ್ವಯಿಸುವುದಿಲ್ಲ. ಸಾಮಾನ್ಯವಾಗಿ 500 ಲೀಟರಿಗಿಂತ ಕಡಿಮೆಯನ್ನು ವ್ಯಾಪಾರಿಗಳು ಮನೆಗೆ ತಂದು ಹಾಕುವುದೂ ಇಲ್ಲ. ಆದುದರಿಂದ ಹಳ್ಳಿಯ ಜನರು ತಮ್ಮೊಳಗೆ ಒಬ್ಬನನ್ನು ನೇಮಿಸಿ, ಎಲ್ಲರ ಬೇಡಿಕೆಯನ್ನೂ ಕೂಡಿಸಿ, ಹಲವು ವ್ಯಾಪಾರಿಗಳಿಂದ ದರ ಕೇಳಿ, ಒಂದೇ ದಿನ ಒಂದೇ ವಾಹನದಿಂದ ಎಲ್ಲ ಮನೆಗಳಿಗೂ ತುಂಬಿಸಿಕೊಳ್ಳುವರು. ಡೆನ್ಮಾರ್ಕ ದೇಶದಲ್ಲಂತೂ ಊರಿಗೆಲ್ಲ ಒಂದೇ ಕಡೆಯಿಂದ ಬಿಸಿನೀರನ್ನು ಹಂಚುವ ಸಂಸ್ಥೆಗಳಲ್ಲಿ ಅನೇಕವು ಬಳಕೆದಾರರದೇ ಸಹಕಾರಿ ಸಂಘಗಳಾಗಿವೆ. 1979ರ ಕಾಯಿದೆಯ ಮೇರೆಗೆ ಕಾವನ್ನು ಲಾಭಕ್ಕಾಗಿ ಮಾರತಕ್ಕದ್ದಲ್ಲ, ತಗಲಿದ ವೆಚ್ಚಕ್ಕೆ ಮಾರತಕ್ಕದ್ದು ಎಂಬುದು ಅಲ್ಲಿಯ ತತ್ವವು. ಎಣ್ಣೆಯಿರಲಿ, ಬಿಸಿನೀರಿರಲಿ, ಕಟ್ಟಿಗೆಯಿರಲಿ, ಯುಕ್ತಿಯು ಒಂದೇ.

ಕೊಳ್ಳುವುದು ಕಾವನ್ನು, ನೀರನ್ನಲ್ಲ

ಕೂಡಿ ಕೊಳ್ಳುವ ಮೊದಲು ಕೊಳ್ಳುವ ವಸ್ತುವಿನ ಗುಣವನ್ನು ಅರಿತಿರಬೇಕು. ಆಗತಾನೆ ಕಡಿದ ಮರದಲ್ಲಿ ತೂಕದ ಸುಮಾರು ಅರ್ಧವು ನೀರಾಗಿರುವುದುಂಟು. ಚೆನ್ನಾಗಿ ಗಾಳಿ ಬಿಸಿಲು ಕಂಡ ಕಟ್ಟಿಗೆಯಲ್ಲಿ ನೀರು ಐದರಲ್ಲಿ ಒಂದು ಪಾಲಿಗೆ ಇಳಿಯುವುದು. 100 ಕಿಲೋ ಹಸಿ ಕಟ್ಟಿಗೆಯನ್ನು ತಂದು ಹೀಗೆ ಒಣಗಿಸಿದರೆ ಸುಮಾರು 62 ಕಿಲೋ ಮಾತ್ರ ಉಳಿಯುವುದು. ಉಳಿದ 38 ಕಿಲೋ ನೀರಿಗೆ ನಾವು ಕಟ್ಟಿಗೆಯ ಬೆಲೆಯನ್ನು ತೆತ್ತಂತಾಯಿತು.

ನಷ್ಟವು ಅಷ್ಟಕ್ಕೇ ನಿಲ್ಲುವುದಿಲ್ಲ. ಹಸಿ ಕಟ್ಟಿಗೆಯನ್ನು ಹಾಗೆಯೇ ಒಲೆಗಿಟ್ಟರೆ ಅದರೊಳಗಿನ ನೀರನ್ನು ಆವಿಮಾಡುವುದಕ್ಕೇ ಕಾವಿನ ಒಂದು ಪಾಲು ವ್ಯಯವಾಗುವುದು. ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 3,400 ಕಿಲೋ ಕ್ಯಾಲರಿಯಷ್ಟು ಕಾವಿದ್ದರೆ, ಹಸಿಯ ಒಂದು ಕಿಲೋದಲ್ಲಿ ಸುಮಾರು 1,900 ಮಾತ್ರ ಇರುವುದು. ಎಂದರೆ ಒಣಗಿದ್ದಕ್ಕೆ ಕಿಲೋಕ್ಕೆ 10 ರೂಪಾಯಿ ನ್ಯಾಯವಾದ ಬೆಲೆಯಾದರೆ, ಹಸಿಯದಕ್ಕೆ ಐದೂವರೆ ರೂಪಾಯಿಯೇ ನ್ಯಾಯವು. ಇದರ ಮೇಲೆ ಹೊಗೆಯಿಂದ ಕಣ್ಣಿಗೂ ಶ್ವಾಸಕ್ಕೂ ಆಗುವ ಬಾಧೆಯು ಬೇರೆ. ಅದನ್ನು ಅನುಭವಿಸುವವರು ಮನೆಯ ಹೆಂಗಸರು.

ಒಣಗಿದ ಕಟ್ಟಿಗೆಯನ್ನು ಗುರುತಿಸುವುದು ಕಠಿಣವಲ್ಲ. ಕಡಿದ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕುಗಳು ಬಿಟ್ಟಿರುವುವು. ತೊಗಟೆಯು ಸಡಿಲವಾಗಿ ಎದ್ದು ಬರುವುದು. ಎರಡು ತುಂಡುಗಳನ್ನು ಬಡಿದರೆ ಟಣ್ಣೆಂಬ ಸ್ಪಷ್ಟ ನಾದ ಹೊರಡುವುದು. ಹಸಿಯದಾದರೆ ದೊಪ್ಪೆಂಬ ಮಂಕು ಸಪ್ಪಳವಾಗುವುದು. ಅಜ್ಜಿಯಂದಿರು ಬಲ್ಲ ಈ ಪರೀಕ್ಷೆಯನ್ನು ಕೊಳ್ಳುವವರೆಲ್ಲರೂ ಮಾಡತಕ್ಕದ್ದು.

ಒಲೆಯ ಗುಣವೂ ಬೆಲೆಯ ಲೆಕ್ಕದಲ್ಲಿ ಸೇರತಕ್ಕದ್ದು. ಮೂರು ಕಲ್ಲಿನ ಹಳೆಯ ಒಲೆಯಲ್ಲಿ ಕಟ್ಟಿಗೆಯ ಕಾವಿನ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ತಲಪುವುದು. ಸುಧಾರಿಸಿದ ಒಲೆಯಲ್ಲಿ ಹತ್ತರಲ್ಲಿ ಮೂರು ಪಾಲು ತಲಪುವುದು. ಅನಿಲದ ಒಲೆಯಲ್ಲಿ ಆರು ಪಾಲು. ಈ ಲೆಕ್ಕದಿಂದ, 14.2 ಕಿಲೋ ಅನಿಲವಿರುವ ಒಂದು ಸಿಲಿಂಡರಿನ ಕೆಲಸವನ್ನು ಮಾಡಲಿಕ್ಕೆ ಹಳೆಯ ಒಲೆಗೆ ಸುಮಾರು 275 ಕಿಲೋ ಒಣ ಕಟ್ಟಿಗೆಯು ಬೇಕು. ಸುಧಾರಿಸಿದ ಒಲೆಗೆ ಸುಮಾರು 92 ಕಿಲೋ ಸಾಕು. ಲೆಕ್ಕವು ಸುಲಭವಾಗಲೆಂದು ಸಿಲಿಂಡರಿಗೆ 920 ರೂಪಾಯಿ ಎಂದಿಟ್ಟುಕೊಳ್ಳಿರಿ. ಸುಧಾರಿಸಿದ ಒಲೆಯವನಿಗೆ ಕಟ್ಟಿಗೆಯ ಬೆಲೆಯು ಕಿಲೋಕ್ಕೆ 10 ರೂಪಾಯಿಗಿಂತ ಕಡಿಮೆಯಿರುವ ತನಕ ಕಟ್ಟಿಗೆಯು ಲಾಭದಾಯಕ. ಹಳೆಯ ಒಲೆಯವನಿಗೆ 3 ರೂಪಾಯಿ 35 ಪೈಸೆಯನ್ನು ದಾಟಿತೆಂದರೆ ಅನಿಲವೇ ಅಗ್ಗ. ಆಯಾ ತಿಂಗಳ ಸಿಲಿಂಡರಿನ ಬೆಲೆಯನ್ನು 92ರಿಂದಲೂ 275ರಿಂದಲೂ ಭಾಗಿಸಿ ನೋಡಿದರೆ ಪ್ರತಿಯೊಬ್ಬನೂ ತನ್ನ ಮನೆಗೆ ಯಾವುದು ಹಿತವೆಂಬುದನ್ನು ತಾನೇ ತಿಳಿದುಕೊಳ್ಳಬಹುದು.

ಇಪ್ಪತ್ತು ಮನೆಗಳು ಕೂಡಿದರೆ

ಇನ್ನು ಕೆಲಸದ ಕ್ರಮವನ್ನು ವಿವರಿಸುವೆವು. ಒಂದು ಕೇರಿಯ ಇಪ್ಪತ್ತು ಮನೆಗಳಿವೆಯೆಂದು ಭಾವಿಸಿರಿ. ಸಂಕ್ರಾಂತಿಯ ಸುಮಾರಿಗೆ ಊರಿನ ಹಿರಿಯರು ಒಂದು ಸಭೆ ಕೂಡಿಸಿ, ಮಳೆಗಾಲಕ್ಕೆ ಯಾವ ಮನೆಗೆ ಎಷ್ಟು ಕಟ್ಟಿಗೆ ಬೇಕೆಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿಸತಕ್ಕದ್ದು. ಅಂದಾಜಿಗೆ ಒಂದು ಆಧಾರವನ್ನು ಹೇಳುವುದಾದರೆ, ಬಚ್ಚಲಿನಲ್ಲಿ ದಿನಕ್ಕೆ 100 ಲೀಟರ ನೀರನ್ನು ಹದವಾಗಿ ಕಾಯಿಸಲಿಕ್ಕೆ ಹಳೆಯ ತೆರೆದ ಒಲೆಯಲ್ಲಿ ಸುಮಾರು 6 ಕಿಲೋ ಒಣ ಕಟ್ಟಿಗೆಯು ಹಿಡಿಯುವುದು. ನಾಲ್ಕು ತಿಂಗಳ 120 ದಿನಗಳಿಗೆ ಇದು 720 ಕಿಲೋ ಆಯಿತು. ಅದೇ ನೀರಿಗೆ ಹಸಿ ಕಟ್ಟಿಗೆಯಾದರೆ ದಿನಕ್ಕೆ 10 ಕಿಲೋಕ್ಕೂ ಮಿಕ್ಕಿ ಸುಡಬೇಕಾಗುವುದು.

ಎಲ್ಲರ ಬೇಡಿಕೆಯೂ ಕೂಡಿದ ಮೇಲೆ ಕನಿಷ್ಠ ಮೂವರು ಮಾರಾಟಗಾರರಿಂದ ದರವನ್ನು ಕೇಳತಕ್ಕದ್ದು. ದರವು ಕಿಲೋ ಅಥವಾ ಕ್ವಿಂಟಲ್ ಲೆಕ್ಕದಲ್ಲಿ, ಊರಿಗೆ ತಂದು ಇಳಿಸುವ ಬಾಡಿಗೆಯೂ ಸೇರಿ ಇರಬೇಕು. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಮೇರೆಗೆ ವ್ಯಾಪಾರವು ಮಾನ್ಯವಾದ ತೂಕ ಅಳತೆಗಳಿಂದಲೇ ನಡೆಯತಕ್ಕದ್ದಾದುದರಿಂದ, ಹೊರೆಯ ಲೆಕ್ಕವನ್ನು ನಿರಾಕರಿಸುವುದು ಕೊಳ್ಳುವವನ ಹಟವಲ್ಲ, ಹಕ್ಕು. ಮಾಲು ಬಂದ ದಿನ ಸರಕಾರಿ ಮುದ್ರೆಯುಳ್ಳ ಕಾಟಾದ ಮೇಲೆ ಎಲ್ಲರ ಎದುರಿಗೆ ತೂಗಿ, ಬಂದ ತೂಕವನ್ನೂ ಮನೆಮನೆಗೆ ಹಂಚಿದ ತೂಕವನ್ನೂ ಪುಸ್ತಕಕ್ಕೆ ಏರಿಸಿ, ಕೊಂಡವನ ರುಜು ಹಾಕಿಸತಕ್ಕದ್ದು. ಪುಸ್ತಕವು ಯಾರು ಕೇಳಿದರೂ ನೋಡುವಂತೆ ದೇವಸ್ಥಾನದಲ್ಲಿಯೋ ಶಾಲೆಯಲ್ಲಿಯೋ ಪಂಚಾಯತಿಯಲ್ಲಿಯೋ ಇರತಕ್ಕದ್ದು.

ಕಟ್ಟಿಗೆಯನ್ನು ಮಾಘ, ಫಾಲ್ಗುಣಗಳಲ್ಲಿಯೇ ತರಿಸಿ, ಸೀಳಿ, ನೆಲಕ್ಕೆ ತಾಗದಂತೆ ಎರಡು ಗಳುಗಳ ಮೇಲೆ ಅಟ್ಟಿ ಹಾಕಿ, ಯುಗಾದಿಯ ಬಿಸಿಲನ್ನು ಪೂರ್ತಿ ತಿನ್ನಿಸಿ, ರೋಹಿಣಿ ಮಳೆಯೊಳಗಾಗಿ ಕೊಟ್ಟಿಗೆಗೆ ಸೇರಿಸಬೇಕು. ಮಾಡಿನ ಅಂಚು ಮುಂದಕ್ಕೆ ಚಾಚಿದ್ದು ಪಕ್ಕಗಳು ಗಾಳಿಗೆ ತೆರೆದಿದ್ದರೆ ಕಟ್ಟಿಗೆಯು ಬೂಷ್ಟು ಹಿಡಿಯುವುದಿಲ್ಲ. ಸ್ವಂತ ಕೊಟ್ಟಿಗೆಯಿಲ್ಲದ ಬಡವರ ಪಾಲನ್ನು ಊರಿನ ಒಂದು ಸಾಮಾನ್ಯ ಮಾಡಿನ ಕೆಳಗೆ, ಅವರವರ ಹೆಸರಿನ ಅಟ್ಟಿಯಾಗಿ ಇರಿಸುವುದು ಉತ್ತಮವು.

ಹಣದ ವಿಷಯವೇ ಕಠಿಣವಾದುದು. ಮಾಘದಲ್ಲಿ ನಾಲ್ಕು ತಿಂಗಳ ಕಟ್ಟಿಗೆಗೆ ಒಟ್ಟಿಗೆ ಹಣ ಕೊಡುವುದು ಕೂಲಿಕಾರನಿಗೆ ಅಶಕ್ಯವು. ಅವನು ಮಳೆಯಲ್ಲಿ ಹೊರೆ ಹೊರೆಯಾಗಿ ಕೊಳ್ಳುವುದು ಅಜ್ಞಾನದಿಂದಲ್ಲ, ನಗದಿನ ಅಭಾವದಿಂದ. ಇಲ್ಲಿಯೇ ಜಮೀನುದಾರರ ಸಹಾಯವು ಬೇಕಾಗಿರುವುದು. ಅಡಿಕೆಯ ಸುಗ್ಗಿಯ ಹಣವು ಕೈಯಲ್ಲಿರುವ ಆ ತಿಂಗಳುಗಳಲ್ಲಿ ತೋಟಿಗರು ಸಂಘಕ್ಕೆ ಬಡ್ಡಿಯಿಲ್ಲದೆ ಮುಂಗಡ ಕೊಟ್ಟು, ಕೂಲಿಕಾರನಿಂದ ವಾರವಾರಕ್ಕೆ ಅಲ್ಪಸ್ವಲ್ಪವಾಗಿ ತೀರಿಸಿಕೊಳ್ಳಬಹುದು. ಅಥವಾ ಊರಿನ ಸಹಕಾರಿ ಸಂಘದಿಂದ ಸಣ್ಣ ಸಾಲವನ್ನು ಒದಗಿಸಬಹುದು. ಆದರೆ ಮುಂಗಡವನ್ನು ಕೂಲಿಯಲ್ಲಿ ಮುರಿದುಕೊಳ್ಳುವ ಕರಾರನ್ನು ಮಾತ್ರ ಯಾರೂ ಮಾಡಬಾರದು. ಕಟ್ಟಿಗೆಯ ಋಣದಿಂದ ಕೂಲಿಯವನನ್ನು ಕಟ್ಟಿಹಾಕಿದರೆ ಬೆಲೆಯ ಅನ್ಯಾಯವನ್ನು ತೆಗೆದು ಅದಕ್ಕಿಂತ ದೊಡ್ಡ ಅನ್ಯಾಯವನ್ನು ತಂದಿಟ್ಟಂತಾಗುವುದು.

ಅನಿಲದ ಸಿಲಿಂಡರಿನ ಬಗ್ಗೆ

2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಅನೇಕ ಮನೆಗಳಿಗೆ ಅನಿಲದ ಒಲೆಯು ಬಂದಿರುವುದು. ಒಲೆಯು ಬಂದರೂ ಮರುಭರ್ತಿಯ ಖರ್ಚಿಗೆ ಅಂಜಿ ಸಿಲಿಂಡರನ್ನು ಮೂಲೆಗಿಟ್ಟು ಕಟ್ಟಿಗೆಗೆ ಮರಳುವ ಮನೆಗಳೂ ಉಂಟು. ಕಟ್ಟಿಗೆಯ ಬಗ್ಗೆ ಹೇಳಿದ ಎಚ್ಚರಿಕೆಯು ಇಲ್ಲಿಯೂ ಸಲ್ಲುವುದು.

ಸಿಲಿಂಡರಿನ ಮೇಲೆ ಖಾಲಿ ತೂಕವನ್ನು ಕೊರೆದಿರುವರು; ಅದಕ್ಕೆ 14.2 ಕಿಲೋ ಕೂಡಿಸಿದರೆ ತುಂಬಿದ ತೂಕವಾಗಬೇಕು. ತೂಗಿ ಕೊಡಿರೆಂದು ಕೇಳುವ ಹಕ್ಕು ಪ್ರತಿಯೊಬ್ಬ ಗ್ರಾಹಕನಿಗೂ ಇದೆ. ಹಿಡಿಕೆಯ ಪಟ್ಟಿಯ ಒಳಬದಿಯಲ್ಲಿ ಒಂದು ಅಕ್ಷರವೂ ವರ್ಷದ ಅಂಕೆಯೂ ಇರುವುವು. ಎ ಎಂದರೆ ಮಾರ್ಚಿನ ತನಕ, ಬಿ ಎಂದರೆ ಜೂನಿನ ತನಕ, ಸಿ ಎಂದರೆ ಸಪ್ಟೆಂಬರಿನ ತನಕ, ಡಿ ಎಂದರೆ ಡಿಸೆಂಬರಿನ ತನಕ ಆ ಸಿಲಿಂಡರಿನ ಪರೀಕ್ಷೆಯ ಅವಧಿಯಿರುವುದು. ಅವಧಿ ಮೀರಿದುದನ್ನು ಸ್ವೀಕರಿಸಬಾರದು.

ಮನೆಗೆ ತಲಪಿಸುವ ವೆಚ್ಚವು ಬೆಲೆಯಲ್ಲಿಯೇ ಸೇರಿದ್ದಲ್ಲಿ ರಸೀದಿಗಿಂತ ಹೆಚ್ಚು ಕೊಡಬೇಕಾದುದಿಲ್ಲ. ತಾನೇ ಗೋದಾಮಿಗೆ ಹೋಗಿ ತಂದರೆ ಆ ವೆಚ್ಚದ ಮಟ್ಟಿಗೆ ಕಡಿತವು ಸಲ್ಲತಕ್ಕದ್ದು. ಗ್ರಾಮೀಣ ವಿತರಕರ ನಿಯಮಗಳು ಕೆಲವು ಕಡೆ ಬೇರೆಯಾಗಿರುವುದರಿಂದ, ಊರಿನ ಪರವಾಗಿ ಒಬ್ಬರು ವಿತರಕರಲ್ಲಿ ವಿಚಾರಿಸಿ, ಊರಿಗೆ ವಾಹನವು ಬರುವ ದಿನವನ್ನೂ ಸರಿಯಾದ ದರವನ್ನೂ ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸತಕ್ಕದ್ದು. ಬಿಡಿ ಬಿಡಿಯಾಗಿ ಫೋನು ಮಾಡುವ ಇಪ್ಪತ್ತು ಮನೆಗಳು ಒಂದೇ ದಿನಕ್ಕೆ ಬೇಡಿಕೆಯನ್ನು ಕೊಟ್ಟರೆ, ಕೊಳ್ಳದ ಕೊನೆಯ ಮನೆಯ ತನಕ ವಾಹನವು ಇಳಿಯುವುದಕ್ಕೆ ವಿತರಕನಿಗೂ ಅನುಕೂಲವಾಗುವುದು. ತೂಕದಲ್ಲಿಯಾಗಲಿ ದರದಲ್ಲಿಯಾಗಲಿ ಅನ್ಯಾಯವು ಕಂಡುಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ತಿಳಿಸಬಹುದು. ಇಪ್ಪತ್ತು ಸಹಿಗಳ ಒಂದು ಅರ್ಜಿಗೆ ಒಂಟಿ ದೂರಿಗಿಂತ ಹೆಚ್ಚಿನ ತೂಕವುಂಟು.

ಬೇಕಾಗುವುದನ್ನೇ ಕಡಿಮೆ ಮಾಡುವುದು

ಕೊಳ್ಳದೆ ಉಳಿಸಿದ ಕಟ್ಟಿಗೆಗಿಂತ ಅಗ್ಗದ ಕಟ್ಟಿಗೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿದ ಅಸ್ತ್ರ ಎಂಬ ಕೇಂದ್ರವು ಗ್ರಾಮೋಪಯೋಗಿ ವಿಜ್ಞಾನಕ್ಕೆ ಮೀಸಲಾಯಿತು. ಅದರ ಹೆಸರಿನಿಂದಲೇ ಪ್ರಸಿದ್ಧವಾದ ಅಸ್ತ್ರ ಒಲೆಯಲ್ಲಿ ಬೆಂಕಿಯು ಸುತ್ತಲೂ ಮುಚ್ಚಿದ ಗೂಡಿನೊಳಗೆ ಜಾಲರಿಯ ಮೇಲೆ ಉರಿದು, ಕಾವು ಒಂದರ ಬಳಿಕ ಒಂದು ಪಾತ್ರೆಗೆ ತಾಗಿ, ಹೊಗೆಯು ಕೊಳವೆಯಿಂದ ಮಾಡಿನಾಚೆ ಹೋಗುವುದು. ಬಚ್ಚಲ ಹಂಡೆಗೂ ಇದೇ ತತ್ವದ ಗೂಡನ್ನು ಕಟ್ಟಬಹುದು. ದಿನಕ್ಕೆ 6 ಕಿಲೋ ಸುಡುವಲ್ಲಿ ಕಟ್ಟಿಗೆಯು 3 ಕಿಲೋಕ್ಕೆ ಇಳಿದರೆ ಮಳೆಗಾಲಕ್ಕೆ 360 ಕಿಲೋ ಉಳಿಯುವುದು.

ದನಗಳುಳ್ಳ ಮನೆಗೆ ಗೋಬರ ಗ್ಯಾಸು ಅತ್ಯುತ್ತಮವು. ಸುಮಾರು 25 ಕಿಲೋ ಸೆಗಣಿಯಿಂದ ಒಂದು ಘನ ಮೀಟರ ಅನಿಲವು ದೊರೆಯುವುದು. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸೆಗಣಿ ಬೇಕು. ಸೆಗಣಿಯ ಗೊಬ್ಬರದ ಗುಣವೂ ನಷ್ಟವಾಗದೆ, ಹೊರಬಂದ ರಾಡಿಯು ತೋಟಕ್ಕೆ ಸಲ್ಲುವುದು. 1981-82ರಿಂದ ನಡೆದ ರಾಷ್ಟ್ರೀಯ ಯೋಜನೆಯಲ್ಲಿ ದೇಶದ ಅನೇಕ ಕಡೆ ಕಟ್ಟಿದ ಸ್ಥಾವರಗಳು ಹಾಳುಬಿದ್ದರೂ ಶಿರಸಿಯಲ್ಲಿ ಅವು ಚೆನ್ನಾಗಿ ನಡೆದುವೆಂಬುದನ್ನು ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೇಳಿರುವರು. ಕಟ್ಟಿಕೊಡುವವರು ಹಲವರಿದ್ದು ಅವರೊಳಗೆ ಸ್ಪರ್ಧೆಯಿದ್ದುದು, ಕಟ್ಟಿದವರೇ ಮುಂದಿನ ದುರಸ್ತಿಯ ಹೊಣೆ ಹೊತ್ತುದು, ಇವು ಆ ಯಶಸ್ಸಿಗೆ ಕಾರಣಗಳಾದುವು. ನ್ಯಾಯವಾದ ಬೆಲೆಯೂ ನೆಚ್ಚಿಕೆಯ ಕೆಲಸವೂ ಹೇಗೆ ದೊರೆಯುವುವೆಂಬುದಕ್ಕೆ ನಮ್ಮ ಸೀಮೆಯೇ ಪಾಠವಾಗಿದೆ.

ತೋಟದಲ್ಲಿ ಬೀಳುವ ಸೋಗೆ, ಹಾಳೆ, ತೆಂಗಿನ ಮಟ್ಟೆ, ಕರಟ, ಒಣಗಿದ ಅಡಿಕೆಯ ಸಿಪ್ಪೆ, ಸತ್ತ ಅಡಿಕೆಯ ಮರ, ಇವೆಲ್ಲವೂ ಬೆಂಕಿಗೆ ಬರುವ ವಸ್ತುಗಳು. ಗೊಬ್ಬರಕ್ಕೂ ಹೊದಿಕೆಗೂ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ದಾರಿಯಂಚಿನಲ್ಲಿ ಕೊಳೆಯಗೊಡದೆ, ನೆರೆಯ ಬಡವರ ಅಟ್ಟಿಗೆ ಸೇರಿಸಿದರೆ ತೋಟಿಗನಿಗೆ ನಷ್ಟವಿಲ್ಲ, ಕಾಯಿದೆಯ ತೊಡಕೂ ಇಲ್ಲ.

ಆಕ್ಷೇಪಗಳಿಗೆ ಸಮಾಧಾನ

ಕೂಡಿ ಕೊಳ್ಳುವ ಕೆಲಸವು ಲೆಕ್ಕದ ಜಗಳದಲ್ಲಿ ಮುಗಿಯುವುದೆಂದು ಕೆಲವರು ಹೇಳುವರು. ಲೆಕ್ಕವು ಒಬ್ಬನ ಜೇಬಿನಲ್ಲಿದ್ದರೆ ಹಾಗಾಗುವುದು ನಿಶ್ಚಯ. ಎಲ್ಲರ ಕಣ್ಣೆದುರಿಗಿದ್ದರೆ ಜಗಳಕ್ಕೆ ಎಡೆಯಿಲ್ಲ. ಹೊರೆ ಹೊತ್ತು ಜೀವಿಸುವ ಬಡ ಮಾರಾಟಗಾರರ ಹೊಟ್ಟೆಯ ಮೇಲೆ ಹೊಡೆದಂತಾಗುವುದಲ್ಲವೇ ಎಂದು ಇನ್ನು ಕೆಲವರು ಕೇಳುವರು. ಈ ಪ್ರಶ್ನೆಯು ಯೋಗ್ಯವಾದುದು. ಕಟ್ಟಿಗೆಯನ್ನು ಸೀಳುವ, ಸಾಗಿಸುವ, ಅಟ್ಟಿ ಹಾಕುವ ಕೆಲಸವನ್ನು ಸಂಘವು ಮೊದಲು ಅವರಿಗೇ, ತಕ್ಕ ಕೂಲಿಗೆ ಕೊಡತಕ್ಕದ್ದು. ನ್ಯಾಯವು ಕೊಳ್ಳುವವನಿಗೆ ಬೇಕಾದಂತೆ ಹೊರುವವನಿಗೂ ಬೇಕು.

ಬೆಟ್ಟವೂ ತೋಟವೂ ಇರುವ ನಮಗೆ ಇದರಿಂದ ಏನು ಪ್ರಯೋಜನವೆಂಬ ಮೂರನೆಯ ಮಾತು ಬಹಿರಂಗವಾಗಿ ಕೇಳಿಬರುವುದಿಲ್ಲ, ಮನಸ್ಸಿನಲ್ಲಿರುವುದು. ಅದಕ್ಕೆ ಉತ್ತರವಿಷ್ಟೇ. ನೆರೆಯವನ ಒಲೆಗೆ ನ್ಯಾಯವಾದ ಬೆಲೆಗೆ ಕಟ್ಟಿಗೆಯು ದೊರೆಯದಿದ್ದರೆ ಅವನ ಕೊಡಲಿಯು ಒಂದಲ್ಲ ಒಂದು ರಾತ್ರಿ ಹತ್ತಿರದ ಬೆಟ್ಟಕ್ಕೇ ಬರುವುದು. ಬೇಲಿಯೂ ಕಾವಲೂ ಅದನ್ನು ಬಹುಕಾಲ ತಡೆಯಲಾರವು. ಬೆಟ್ಟವು ಬರಿದಾದರೆ ಸೊಪ್ಪು ಹೋಯಿತು. ಸೊಪ್ಪು ಹೋದರೆ ತೋಟದ ಗೊಬ್ಬರ ಹೋಯಿತು. ಬೆಟ್ಟದ ಬುಡದ ಒರತೆಯು ಬತ್ತಿದರೆ ತೋಟವೇ ಹೋಯಿತು. ನೆರೆಯವನ ಬಚ್ಚಲ ಒಲೆಯೂ ನಮ್ಮ ಅಡಿಕೆಯ ಮರದ ಬೇರೂ ಹೀಗೆ ಒಂದೇ ನೆಲದಲ್ಲಿ ಕೂಡಿಕೊಂಡಿವೆ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ರಾಶಿ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮನ್ಮನೆಯ ಸೀಮೆಯ ಗ್ರಾಮಪ್ರಮುಖರು ಬರುವ ಸಂಕ್ರಾಂತಿಗೆ ಒಂದು ಪುಸ್ತಕವನ್ನೂ ಒಂದು ತಕ್ಕಡಿಯನ್ನೂ ನಡುವಿಟ್ಟು, ಮೊದಲ ಸಾಲಿನಲ್ಲಿ ಕೇರಿಯ ಅತ್ಯಂತ ಬಡ ಮನೆಯ ಹೆಸರನ್ನು ಬರೆಯಿಸಲಿ. ಎರಡನೆಯ ಸಾಲಿನಲ್ಲಿ ತಮ್ಮ ಹೆಸರನ್ನು ಬರೆಯಿಸಲಿ. ಮುಂದಿನ ಆರಿದ್ರಾ ಮಳೆಯ ಸಂಜೆ ಊರಿನ ಎಲ್ಲ ಮಾಡುಗಳ ಮೇಲೂ ತೆಳ್ಳನೆಯ ಬಿಳಿ ಹೊಗೆಯು ಏಳುವುದನ್ನು ಕಂಡರೆ, ಎಲ್ಲರ ಮನೆಯಲ್ಲಿಯೂ ಒಣ ಕಟ್ಟಿಗೆಯು ಉರಿಯುತ್ತಿರುವುದೆಂದು ತಿಳಿದು ಅವರು ಸಮಾಧಾನಪಡಬಹುದು.